ಗುಜ್ಜಪ್ಪನ ಬಾಲಕ್ಕೂ ರಿಯಾಯಿತಿ

ಬಸರಿಕಟ್ಟೆಗೆ ದಾರಿ ಯಾವುದು ಎಂದು ಮನುಷ್ಯರನ್ನು ಕೇಳಿದರೆ ಯಾರೂ ಹೇಳಲಾರರು. ಅದು ಕುರುಚಲು ಕಾಡಿನ ನಡುವೆ ಪ್ರಾಣಿಗಳೇ ಕಾಪಾಡಿಕೊಂಡು ಬಂದ ಕೆರೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಉದ್ದಕ್ಕೂ ಮಣ್ಣಿನ ಏರಿ. ಆ ಏರಿಯ ಹೊರಮಗ್ಗುಲಲ್ಲಿ ಸಾಲಾಗಿ ಮನೆಗಳು. ಮೊಲದ ಮನೆ, ಮುಳ್ಳುಹಂದಿಯ ಮನೆ, ಅದರ ಪಕ್ಕದಲ್ಲೇ ಗುಜ್ಜಪ್ಪ ಎಂಬ ಹೆಗ್ಗಣದ ಮನೆ.

ಗುಜ್ಜಪ್ಪನನ್ನು ನೀವು ನೋಡಬೇಕಿತ್ತು ಮಕ್ಕಳೇ. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಹೋಗಲಿ, ಅಷ್ಟು ಓಡಾಡಿ ಏನಾದರೂ ಕೆಲಸ ಮಾಡುತ್ತಿದ್ದನೇ ಎಂದರೆ ಅದೂ ಇಲ್ಲ. ಕೆಲಸ ತಪ್ಪಿಸಿಕೊಳ್ಳಲು ಓಡಾಡುತ್ತಿದ್ದ.

ಬಸರಿಕಟ್ಟೆಯಲ್ಲಿ ಒಂದು ತೆರಿಗೆ ಇತ್ತು. ದುಡ್ಡಿನದಲ್ಲ, ಮಣ್ಣಿನದು. ಮಳೆಗಾಲಕ್ಕೆ ಮೊದಲು ಪ್ರತಿ ಮನೆಯವರೂ ಕೆರೆಯ ಒಡಲಿನಿಂದ ಮಣ್ಣು ಹೊತ್ತು ತಂದು ತಮ್ಮ ಮನೆಯ ಮೇಲಿನ ಏರಿಗೆ ಹಾಕಬೇಕು. ಅದಕ್ಕೆ ಏರಿಮಣ್ಣು ಎಂದು ಹೆಸರು. ಏರಿಮಣ್ಣು ಹಾಕುವಷ್ಟು ದಿನವೂ ಬೆಳಿಗ್ಗೆ ಎಲ್ಲರೂ ಏರಿಯ ಮೇಲೆ ಸೇರುತ್ತಿದ್ದರು. ಕಷ್ಟದಲ್ಲಿರುವವರು ಎದ್ದು ನಿಂತು ತಮ್ಮ ಕಾರಣ ಹೇಳುತ್ತಿದ್ದರು. ಮುದಿ ಆಮೆ ಚಿಪ್ಪಜ್ಜಿ ಕೇಳಿಸಿಕೊಂಡು, "ಕಳೆದೆ" ಎನ್ನುತ್ತಿದ್ದಳು. ಅವರ ಪಾಲಿನಲ್ಲಿ ಅಷ್ಟು ಮಣ್ಣು ಕಡಿಮೆಯಾಗುತ್ತಿತ್ತು. ಅದನ್ನು ಉಳಿದವರು ಹಂಚಿಕೊಂಡು ಹೊರುತ್ತಿದ್ದರು.

ಇದರಲ್ಲಿ ಒಂದು ವಿಶೇಷವಿತ್ತು. ಹೇಳಿದ ಕಾರಣವನ್ನು ಯಾರೂ ಪರೀಕ್ಷೆ ಮಾಡುವಂತಿರಲಿಲ್ಲ. ನಂಬಬೇಕು, ನಂಬಿದ ಹಾಗೆ ನಡೆದುಕೊಳ್ಳಬೇಕು. ಕಷ್ಟ ಹೇಳಿಕೊಂಡವರ ಬಾಗಿಲು ಇಣುಕಿ ನೋಡುವುದು ಬಸರಿಕಟ್ಟೆಯಲ್ಲಿ ಮರ್ಯಾದೆಯಲ್ಲ.

ಆ ವರ್ಷದ ಮೊದಲ ಬೆಳಿಗ್ಗೆ ಮೊಲ ಎದ್ದು, "ಅಜ್ಜಿ, ಮರಿ ಹಾಕಿ ಇನ್ನೂ ವಾರ ಆಗಿಲ್ಲ" ಎಂದಿತು.

"ಕಳೆದೆ ತಾಯಿ, ಮನೆಗೆ ಹೋಗು," ಎಂದಳು ಅಜ್ಜಿ.

ಕೂಡಲೇ ಗುಜ್ಜಪ್ಪ ಟಣ್ಣನೆ ಎದ್ದ. "ಅಜ್ಜಿ, ನನ್ನ ಮೀಸೆ ಇದೆಯಲ್ಲ, ಇದು ಬರೀ ಶೋಕಿಗಲ್ಲ. ಕತ್ತಲಲ್ಲಿ ದಾರಿ ತೋರಿಸೋ ಸಾಮಾನು. ದಿನಾ ಇದನ್ನ ತಿಕ್ಕಿ ಒರೆಸೋಕೇ ಅರ್ಧ ಹೊತ್ತು ಹೋಗುತ್ತೆ. ಆ ಹೊತ್ತಿನ ಮಣ್ಣು ಕಳೀಬೇಕು."

ಎಲ್ಲರೂ ಕಿಸಕ್ಕೆಂದರು. ಅಜ್ಜಿಯ ಬಾಯಂಚು ಮಾತ್ರ ಸ್ವಲ್ಪ ಅಲುಗಿತು. "ಕಳೆದೆ. ಮತ್ತೆ?"

"ಬಾಲ," ಎಂದ ಗುಜ್ಜಪ್ಪ. "ಹಗಲೂ ರಾತ್ರಿ ನನ್ನ ಹಿಂದೇನೇ ಬರುತ್ತೆ. ಒಂದು ಹಿಡಿ ಮಣ್ಣು ಎತ್ತಲ್ಲ. ಅದರ ಹೊಟ್ಟೆಗೂ ನಾನೇ ತಿನ್ನಬೇಕು. ನನ್ನನ್ನೇ ನಂಬಿಕೊಂಡಿರೋ ಜೀವ ಅಜ್ಜಿ ಅದು!"

"ನನಗೆ ಬೆನ್ನ ತುಂಬ ಮುಳ್ಳಿದೆಯಪ್ಪ, ಒಂದೊಂದಕ್ಕೂ ಬೇರೆ ಬೇರೆ ಕಳೀತಾರಾ?" ಎಂದ ಮುಳ್ಳುಹಂದಿ ಮಾದಣ್ಣ. ಏರಿಯ ಮೇಲೆಲ್ಲ ನಗು. ಆದರೆ ಪದ್ಧತಿ ಪದ್ಧತಿಯೇ. ಅಜ್ಜಿ ಬಾಲಕ್ಕೂ ಕಳೆದಳು. ಆ ಮಣ್ಣನ್ನು ಮಾದಣ್ಣ ಬೆವರು ಸುರಿಸಿಕೊಂಡು ಹೊತ್ತ.

ಗುಜ್ಜಪ್ಪ ಮನೆಗೆ ಬಂದು ಹೆಂಡತಿ ಸಾಕಮ್ಮನ ಮುಂದೆ ಎದೆಯುಬ್ಬಿಸಿದ. "ನೋಡಿದ್ಯಾ? ಬಾಲ ತೋರಿಸಿ ಅರ್ಧ ಪಾಲು ಇಳಿಸಿಬಿಟ್ಟೆ."

"ಇಷ್ಟು ಯೋಚನೆ ಮಾಡೋ ಹೊತ್ತಿಗೆ ಮಣ್ಣೇ ಹಾಕಿ ಬರಬಹುದಿತ್ತು," ಎಂದಳು ಸಾಕಮ್ಮ.

ಅವನಿಗೆ ಆ ಮಾತು ಕೇಳಿಸಲಿಲ್ಲ. ಮನಸ್ಸಾಗಲೇ ನಾಳೆಯ ಕಾರಣ ಹುಡುಕುತ್ತಿತ್ತು. ಮಲಗಿದ, ಎದ್ದ, ಬಿಲದೊಳಗೆ ಸುತ್ತಿದ, ಮತ್ತೆ ಮಲಗಿದ. ಮರುದಿನ ಏರಿಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ನಿಂತ.

"ಅಜ್ಜಿ, ದೂರದಿಂದ ನಮ್ಮ ಚಿಕ್ಕಪ್ಪ ಬಂದಿದ್ದಾನೆ. ಹಾಸಿಗೆ ಹಿಡಿದುಬಿಟ್ಟಿದ್ದಾನೆ. ಅವನ ಚಾಕರಿ ನನ್ನ ತಲೆ ಮೇಲೆ ಬಿದ್ದಿದೆ."

"ಅಯ್ಯೋ ಪಾಪ," ಎಂದಳು ಅಜ್ಜಿ. "ಕಳೆದೆ."

ಆಗ ಗುಜ್ಜಪ್ಪನಿಗೆ ಮರೆತುಹೋದದ್ದು ಒಂದೇ. ಬಸರಿಕಟ್ಟೆಯವರು ನಂಬಿದ ಹಾಗೆ ನಡೆದುಕೊಳ್ಳುವವರು. ಅವನು ಮನೆ ಸೇರಿ ಇನ್ನೂ ಮೈ ಚಾಚಿರಲಿಲ್ಲ, ಮಾದಣ್ಣನ ದನಿ ಬಾಗಿಲಲ್ಲಿ ಕೇಳಿಸಿತು. "ಗುಜ್ಜಪ್ಪಾ! ಚಿಕ್ಕಪ್ಪನಿಗೆ ಗೆಡ್ಡೆ ಬೇಯಿಸಿ ತಂದಿದ್ದೀನಿ!" ಅವನ ಹಿಂದೆ ಮೊಲದ ಗಂಡ, ಅವನ ಹಿಂದೆ ಇನ್ಯಾರೋ.

ಗುಜ್ಜಪ್ಪ ಒಳಗೆ ಓಡಿದ. ಸಾಕಮ್ಮನನ್ನು ಎಳೆದು ಮಲಗಿಸಿ ಮುತ್ತುಗದ ಎಲೆ ಹೊದಿಸಿದ. "ನರಳು, ನರಳು!"

"ನಾನ್ಯಾಕೆ ನರಳಲಿ?"

"ನೀನೀಗ ಚಿಕ್ಕಪ್ಪ ಕಣೇ!"

ಸಾಕಮ್ಮ ಸಿಟ್ಟಿನಿಂದ ನರಳಿದಳು. ಅದು ನೋವಿನ ನರಳಾಟ ಎಂದೇ ಎಲ್ಲರೂ ಮರುಗಿದರು. ಮಾದಣ್ಣನಂತೂ, "ರಾತ್ರಿ ಕಾವಲಿಗೆ ನಾನೂ ಬಂದು ಕೂರಲಾ?" ಎಂದು ಕೇಳಿದ. ಅವನನ್ನು ಕಳಿಸುವಷ್ಟರಲ್ಲಿ ಗುಜ್ಜಪ್ಪನಿಗೆ ಸಾಕುಸಾಕಾಯಿತು. ಅವರ ಮೂರು ಮರಿಗಳೂ ಎಲೆಯ ಕೆಳಗೆ ಇಣುಕಿ, "ಅಪ್ಪಾ, ಅಮ್ಮನಿಗೆ ಏನಾಯ್ತು?" ಎಂದು ಅಳತೊಡಗಿದವು.

ಅಲ್ಲಿಂದ ಅವನಿಗೆ ನೆಮ್ಮದಿ ಎನ್ನುವುದೇ ಇಲ್ಲ. ಎಲೆ ಅಲುಗಿದರೂ ಯಾರೋ ಚಿಕ್ಕಪ್ಪನನ್ನು ನೋಡಲು ಬಂದರು ಎಂದು ಬೆಚ್ಚುತ್ತಿದ್ದ. ದಾರಿಯಲ್ಲಿ ಯಾರಾದರೂ "ಹೇಗಿದ್ದಾರೆ?" ಎಂದರೆ, "ಯಾರು?" ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಮಣ್ಣು ಹೊತ್ತವರು ಊಟ ಮಾಡಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದರು. ಹೊರದವನು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿರುತ್ತಿದ್ದ. ನನ್ನನ್ನು ಕೇಳಿದರೆ ಅವನಷ್ಟು ದುಡಿದವರು ಆ ವರ್ಷ ಏರಿಯಲ್ಲಿ ಇನ್ನೊಬ್ಬರಿರಲಿಲ್ಲ!

"ಚಿಕ್ಕಪ್ಪ ಊರಿಗೆ ಹೋದ ಅಂತ ಹೇಳಿ, ಹೋಗಿ ಮಣ್ಣು ಹಾಕಿ ಬಾ," ಎಂದಳು ಸಾಕಮ್ಮ. "ನಾನೂ ಬರ್ತೀನಿ."

"ಬೇಡ. ಇದಕ್ಕಿಂತ ದೊಡ್ಡದು ಹೊಳೆದಿದೆ. ಇನ್ನು ಯಾರೂ ನಮ್ಮ ಬಾಗಿಲು ತಟ್ಟಬಾರದು, ಹಾಗೆ ಮಾಡ್ತೀನಿ."

ಮರುದಿನ ಬೆಳಿಗ್ಗೆ ಅವನು ಅಜ್ಜಿಯ ಮುಂದೆ ನಿಂತು ಹೇಳಿದ: "ಅಜ್ಜಿ, ನಾವು ಇಲ್ಲಿ ಮನೆ ಬಿಟ್ಟೆವು. ಗುಡ್ಡದ ಮೇಲೆ ಹೊಸ ಬಿಲ. ಚಿಕ್ಕಪ್ಪನನ್ನೂ ಅಲ್ಲಿಗೇ ಸಾಗಿಸಿದೆ. ಇನ್ನು ನಾನು ಈ ಏರಿಯವನೇ ಅಲ್ಲ. ನನ್ನ ಪಾಲು ಪೂರ್ತಿ ಕಳೀಬೇಕು."

ಏರಿಯ ಮೇಲೆ ಯಾರೂ ನಗಲಿಲ್ಲ. ಮಾದಣ್ಣನ ಮುಖ ಬಾಡಿತು. "ಹೇಳದೇ ಹೋಗಿಬಿಟ್ಯಲ್ಲೋ ಮಾರಾಯ," ಎಂದ.

ಅಜ್ಜಿ ಚಿಪ್ಪಿನಿಂದ ಕತ್ತು ಚಾಚಿದಳು. "ಯೋಚನೆ ಮಾಡಿ ಹೇಳ್ತಿದ್ದೀಯಾ ಗುಜ್ಜಪ್ಪ? ಮನೆ ಇಲ್ಲದ ಕಡೆ ಏರಿಗೆ ನಾವು ಕೊನೆಗೆ ಮಣ್ಣು ಹಾಕೋದು, ಉಳಿದರೆ ಮಾತ್ರ. ಟಿಟ್ಟಿಭನೂ ಇನ್ನು ನಿಮ್ಮನೆ ಹೆಸರು ಕೂಗಲ್ಲ."

ಟಿಟ್ಟಿಭ ಬಸರಿಕಟ್ಟೆಯ ಕಾವಲು ಹಕ್ಕಿ. ಹೆಗ್ಗಣ, ಮುಳ್ಳುಹಂದಿಯಂಥವರು ಹಗಲು ನಿದ್ದೆಯವರಲ್ಲವೇ? ಕೆರೆ ತುಂಬಿ ಅಪಾಯ ಬಂದರೆ ಟಿಟ್ಟಿಭ ಏರಿಯುದ್ದಕ್ಕೂ ಹಾರಿ, ಮನೆಮನೆಯ ಹೆಸರು ಹಿಡಿದು ಕೂಗಿ ಎಬ್ಬಿಸುತ್ತಿತ್ತು.

"ಕೂಗದಿದ್ದರೆ ಕೂಗದಿರಲಿ. ಒಳ್ಳೇ ನಿದ್ದೆ ಬರುತ್ತೆ," ಎಂದ ಗುಜ್ಜಪ್ಪ.

"ಕಳೆದೆ," ಎಂದಳು ಅಜ್ಜಿ.

ಮನೆ ಖಾಲಿ ಎಂದ ಮೇಲೆ ಖಾಲಿಯ ಹಾಗೆ ಕಾಣಬೇಡವೇ? ಗುಜ್ಜಪ್ಪ ಅವತ್ತೇ ಮುಂಬಾಗಿಲಿಗೆ ಕಲ್ಲು ತುರುಕಿದ. ಕಲ್ಲಿನ ಮೇಲೆ ಮಣ್ಣು ಮೆತ್ತಿದ, ಮಣ್ಣಿನ ಮೇಲೆ ಮತ್ತೆ ಕಲ್ಲು ಒತ್ತಿದ. ಏರಿಗೆ ಹಾಕಬೇಕಿದ್ದಷ್ಟು ಮಣ್ಣನ್ನು ಬಾಗಿಲಿಗೇ ಹಾಕಿದ ಪುಣ್ಯಾತ್ಮ! ಹೆಂಡತಿ ಮಕ್ಕಳು ಓಡಾಡಲು ಏರಿಯ ನೆತ್ತಿಯ ಹತ್ತಿರ ಇದ್ದ ಹಿಂಗಿಂಡಿ, ಅಂದರೆ ಬಿಲದ ಹಿಂದಿನ ಕಿಂಡಿ, ಒಂದೇ ಉಳಿಯಿತು. ತಾನು ಮಾತ್ರ ಹಗಲೆಲ್ಲ ಗುಡ್ಡದ ಮೇಲೆ ಒಂದು ಸುಳ್ಳು ಬಿಲದ ಮುಂದೆ ಕೂತು, ಕೆಳಗಿನವರಿಗೆ ಕಾಣುವ ಹಾಗೆ ಮೀಸೆ ಒರೆಸಿಕೊಳ್ಳುತ್ತಿದ್ದ. ಅಲ್ಲೂ ನಿದ್ದೆಯಿಲ್ಲ. ಕೆಳಗೆ ಮರಿಗಳು ಸದ್ದು ಮಾಡಿಬಿಟ್ಟರೆ? ಯಾರಾದರೂ ಹಿಂಗಿಂಡಿ ಕಂಡುಬಿಟ್ಟರೆ? ಕೂತಲ್ಲೇ ಕಾಲು ಕೆರೆಯುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಮೋಡ ಕವಿಯಿತು. ಗುಡ್ಡದ ಹಿಂದಿನಿಂದ ಗಾಳಿ ನುಗ್ಗಿತು. ಎಂಥ ಮಳೆ ಅಂತೀರಿ! ನೋಡನೋಡುತ್ತ ಹಳ್ಳಗಳೆಲ್ಲ ಕೆಂಪಗೆ ಬಂದು ಕೆರೆಗೆ ಬಿದ್ದವು. ನೀರು ಏರಿ ಏರಿ ಬಂತು. ಗುಡ್ಡದ ಮೇಲಿಂದ ಗುಜ್ಜಪ್ಪನಿಗೆ ಎಲ್ಲವೂ ಕಾಣುತ್ತಿತ್ತು. ಉದ್ದಕ್ಕೂ ಏರಿ ಎತ್ತರವಾಗಿ ನಿಂತಿದೆ. ಒಂದೇ ಒಂದು ಕಡೆ ತಗ್ಗು, ಅವನ ಮನೆಯ ಮೇಲೆ. ನೀರು ಅಲ್ಲಿಗೇ ಬಂದು ನೆಕ್ಕುತ್ತಿದೆ.

ಟಿಟ್ಟಿಭ ಹಾರಿತು. "ಮೊಲದ ಮನೇ! ಏಳಿ, ಏಳಿ!" ಮೊಲ ಮರಿಗಳನ್ನು ಕಚ್ಚಿಕೊಂಡು ಹೊರಬಂದಿತು. "ಮಾದಣ್ಣನ ಮನೇ! ಏಳಿ, ಏಳಿ!" ಮಾದಣ್ಣ ಕಣ್ಣುಜ್ಜುತ್ತ ಹೊರಬಂದ. ಮುಂದಿನದು ಗುಜ್ಜಪ್ಪನ ಮನೆ. ಟಿಟ್ಟಿಭ ಅದರ ಮೇಲೆ ಹಾರಿ, ಸುಮ್ಮನೆ ಮುಂದಕ್ಕೆ ಹೋಯಿತು.

ಗುಜ್ಜಪ್ಪ ಕೂತಲ್ಲಿಂದ ನೆಗೆದು ಎದ್ದ. ಒಳಗೆ ಸಾಕಮ್ಮ, ಮೂರು ಮರಿಗಳು. ಹಗಲು ನಿದ್ದೆ. ಮುಂದೆ ಕಲ್ಲು, ಹಿಂದೆ ನೀರು.

"ಕೂಗೋ! ನಮ್ಮನೆ ಹೆಸರು ಕೂಗೋ!" ಎಂದು ಅರಚಿದ. ಮಳೆಯಲ್ಲಿ ಯಾರಿಗೆ ಕೇಳಬೇಕು? ಉರುಳುತ್ತ, ಬೀಳುತ್ತ, ಮುಳ್ಳುಗಿಡಗಳಿಗೆ ಮೈ ಕೊಟ್ಟುಕೊಂಡು ಗುಡ್ಡ ಇಳಿದ. ಏರಿಯ ತುದಿಯಲ್ಲಿ ಟಿಟ್ಟಿಭ ಎದುರಾಯಿತು.

"ನಮ್ಮನೆ! ನಮ್ಮನೆಯವರನ್ನ ಎಬ್ಬಿಸು!"

"ಹೆದರಬೇಡ ಗುಜ್ಜಪ್ಪ," ಎಂದು ಸಮಾಧಾನ ಹೇಳಿತು ಟಿಟ್ಟಿಭ. "ನಿಮ್ಮನೆ ಗುಡ್ಡದ ಮೇಲಲ್ವಾ? ಅಷ್ಟು ಎತ್ತರಕ್ಕೆ ನೀರು ಬರಲ್ಲ."

ಅಷ್ಟು ಕಾರಣ ಹೊಸೆದ ಬಾಯಿ ಈಗ ನಿಜ ಹೇಳಲೇಬೇಕಾಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗುಜ್ಜಪ್ಪ ಒಡಕು ದನಿಯಲ್ಲಿ ಕೂಗಿದ. "ಸುಳ್ಳು! ಗುಡ್ಡದಲ್ಲಿ ಮನೆ ಇಲ್ಲ! ಚಿಕ್ಕಪ್ಪನೂ ಇಲ್ಲ! ನನ್ನ ಮಕ್ಕಳು ಒಳಗಿದ್ದಾರೆ, ಬಾಗಿಲು ನಾನೇ ಮುಚ್ಚಿದ್ದೀನಿ!"

ಯಾರೂ ಬೈಯಲಿಲ್ಲ. ಬೈಯಲು ಹೊತ್ತೇ ಇರಲಿಲ್ಲ. ತಗ್ಗಿನಿಂದ ಆಗಲೇ ನೀರು ಉಕ್ಕಿ ಹಿಂಗಿಂಡಿಯೊಳಕ್ಕೆ ಇಳಿಯುತ್ತಿತ್ತು.

"ಮೊದಲು ಮಕ್ಕಳು, ಆಮೇಲೆ ಏರಿ!" ಎಂದಳು ಚಿಪ್ಪಜ್ಜಿ. ಹಾಗೆಂದವಳೇ ತಾನು ತೆವಳಿಕೊಂಡು ಹೋಗಿ ಆ ತಗ್ಗಿನಲ್ಲಿ ಕೂತುಬಿಟ್ಟಳು. ನೀರು ಅವಳ ಚಿಪ್ಪಿಗೆ ಬಡಿದು ಎರಡು ಕಡೆಯಿಂದ ಹರಿಯಿತು. ಮೊಲದ ಗಂಡ ಅವಳ ಸುತ್ತ ಮಣ್ಣು ಒಟ್ಟತೊಡಗಿದ.

ಕೆಳಗೆ ಮಾದಣ್ಣ ಮತ್ತು ಗುಜ್ಜಪ್ಪ ಬಾಗಿಲಿಗೆ ಬಿದ್ದರು. ಗುಜ್ಜಪ್ಪ ಒತ್ತಿದ ಕಲ್ಲು ಅವನಿಗೇ ಬರಲೊಲ್ಲದು. ಒಳಗಿನಿಂದ ಸಾಕಮ್ಮ ಕೆರೆಯುವ ಸದ್ದು, ಮರಿಗಳ ಕೀರಲು ದನಿ.

"ಅಪ್ಪಾ! ಅಪ್ಪಾ!"

"ಬಂದೆ ಮಗಾ, ಬಂದೆ!" ಉಗುರು ಕಿತ್ತು ರಕ್ತ ಬಂದರೂ ಗುಜ್ಜಪ್ಪ ಕೆರೆದ. ಸ್ವಲ್ಪ ಹೊತ್ತಿಗೆ ಒಳಗಿನ ದನಿಗಳು ಅಡಗಿದವು. "ಮಾದಣ್ಣಾ, ಸದ್ದೇ ಇಲ್ಲ ಕಣೋ!"

"ಅಗೀ! ಮಾತಾಡಬೇಡ, ಅಗೀ!" ಮಾದಣ್ಣ ದೊಡ್ಡ ಕಲ್ಲಿಗೆ ಹೆಗಲು ಕೊಟ್ಟು ಮೀಟಿದ. ಕಲ್ಲು ಉರುಳಿತು. ಕೆಸರು ನೀರು ಭರ್ರೆಂದು ಹೊರನುಗ್ಗಿತು. ಅದರ ಜೊತೆಗೇ ಸಾಕಮ್ಮ ಹೊರಬಿದ್ದಳು. ಬಾಯಲ್ಲಿ ಒಂದು ಮರಿ, ಬೆನ್ನಿಗೆ ಕಚ್ಚಿಕೊಂಡ ಇನ್ನೆರಡು. ಮೂರೂ ಕೆಮ್ಮಿದವು, ಸೀನಿದವು, ಆಮೇಲೆ ಒಟ್ಟಿಗೆ ಅಳತೊಡಗಿದವು. ಆ ಅಳು ಕೇಳಿ ಏರಿಯವರೆಲ್ಲ ಉಸಿರು ಬಿಟ್ಟರು.

ಮಳೆ ನಿಂತಿತು. ಗುಜ್ಜಪ್ಪನ ಮನೆ ಕುಸಿದು ಹೋಗಿತ್ತು. ಬೇಸಿಗೆಗೆಂದು ಕೂಡಿಟ್ಟ ನೀರಿನಲ್ಲಿ ಕಾಲು ಪಾಲು ಕಾಡಿಗೆ ಹರಿದಿತ್ತು. ಚಿಪ್ಪಜ್ಜಿಯನ್ನು ಮಣ್ಣಿನಿಂದ ಎಳೆದು ಹೊರತೆಗೆದಾಗ ಅವಳಿಗೆ ಕತ್ತು ಎತ್ತಲೂ ತ್ರಾಣವಿರಲಿಲ್ಲ. ಏರಿ ಇನ್ನೂ ಸೋರುತ್ತಿತ್ತು. ಎಲ್ಲರೂ ಮಣ್ಣು ಹೊರಲು ಹೊರಟರು.

ಗುಜ್ಜಪ್ಪ ತಲೆ ತಗ್ಗಿಸಿಕೊಂಡು ಬಂದು, ತಾನೂ ಒಂದು ಎಲೆ ಹಾಸಿ ಮಣ್ಣು ತುಂಬತೊಡಗಿದ. ಅವನ ಹಿಂದೆ ಮೂರೂ ಮರಿಗಳು ತೊಪ್ಪೆಯಾಗಿ ನಿಂತು ಚಳಿಗೆ ಹಲ್ಲು ಕಟಕಟಿಸುತ್ತಿದ್ದವು.

"ಆ ಎಲೆ ಕೆಳಗಿಡು," ಎಂದಳು ಚಿಪ್ಪಜ್ಜಿ.

"ಇಲ್ಲ ಅಜ್ಜಿ. ಇವತ್ತು ನಾನು ಹೊರ್ತೀನಿ. ಎಲ್ಲರದ್ದೂ ನಾನೇ ಹೊರ್ತೀನಿ."

"ಮಕ್ಕಳು ನೆನೆದು ನಡುಗ್ತಿವೆ. ಮನೆ ಬಿದ್ದಿದೆ. ಅಂಥವರಿಗೆ ಅವತ್ತಿನ ಮಣ್ಣು ಇಲ್ಲ. ಇದು ಕಟ್ಟೆಯ ಪದ್ಧತಿ, ನಿನಗೋಸ್ಕರ ಮಾಡಿದ್ದಲ್ಲ." ಅಜ್ಜಿ ಕಷ್ಟಪಟ್ಟು ಉಸಿರೆಳೆದುಕೊಂಡಳು. "ಕಳೆದೆ. ಹೋಗು, ಅವುಗಳ ಮೈ ಒರೆಸು."

ಕೇಳದೇ ಸಿಕ್ಕ ರಿಯಾಯಿತಿ ಅವನಿಗೆ ಅದೇ ಮೊದಲು. ಅವನು ಮರಿಗಳನ್ನು ಎದೆಗೆ ಒತ್ತಿಕೊಂಡು ಒಂದು ಬಂಡೆಯ ಮರೆಯಲ್ಲಿ ಕೂತ. ಅವನ ಪಾಲಿನ ಮಣ್ಣನ್ನು ಮಾದಣ್ಣ ಹೊತ್ತುಕೊಂಡು ಅವನ ಮುಂದೆಯೇ ಏರಿ ಹತ್ತಿದ. ಗುಜ್ಜಪ್ಪ ಅದನ್ನು ನೋಡುತ್ತ ಕೂತು ಬಿಕ್ಕಿ ಬಿಕ್ಕಿ ಅತ್ತ.

ನೀತಿ: ಕಷ್ಟದಲ್ಲಿರುವವರಿಗೆಂದು ಇಟ್ಟ ರಿಯಾಯಿತಿಯನ್ನು ಸುಳ್ಳು ಹೇಳಿ ಪಡೆಯಬೇಡಿ, ಎಲ್ಲರ ಹೊರೆಯಿಂದ ತಪ್ಪಿಸಿಕೊಳ್ಳುವವನು ಎಲ್ಲರ ಕಾವಲಿನಿಂದಲೂ ತನ್ನವರನ್ನು ದೂರ ಮಾಡುತ್ತಾನೆ.