ಹರಟೆಮಲ್ಲ ಬಾಯಿ ಮುಚ್ಚದ ಕತೆ

ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ. ಯಾವ ಕಡೆ ಹರಿಯೋಣ ಎಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಅಷ್ಟು ಹೊಸದಾಗಿತ್ತು ಲೋಕ.

ಆಗ ಒಂದು ಹುಣಸೆಮರದ ಕೆಳಗೆ ಮಣ್ಣುಬಣ್ಣದ ಏಳು ಅಕ್ಕತಂಗಿಯರಿದ್ದರು. ಈಗ ನಾವು ಹರಟೆಮಲ್ಲ ಅನ್ನುವ ಹಕ್ಕಿಗಳೇ ಅವರು. ಆಗ ಅವರಿಗೆ ಆ ಹೆಸರಿರಲಿಲ್ಲ, ಏಕೆಂದರೆ ಅವರು ಬಾಯಿ ಬಿಡುತ್ತಿದ್ದದ್ದೇ ಅಪರೂಪ.

ಅವರ ಕಷ್ಟ ಒಂದೇ. ಹುಳು ಇರುವುದು ತರಗೆಲೆಯ ಅಡಿ, ಗಿಡುಗ ಬರುವುದು ಆಕಾಶದಿಂದ. ತಲೆ ಬಗ್ಗಿಸಿದರೆ ಗಿಡುಗ ಕಾಣದು, ತಲೆ ಎತ್ತಿದರೆ ಹುಳು ಸಿಗದು. ಒಂದು ಸಲ ಕುಕ್ಕಿ ಏಳು ಸಲ ಮೇಲೆ ನೋಡಿ, ಸಂಜೆಗೆ ಎಲ್ಲರದೂ ಅರೆಹೊಟ್ಟೆ.

ಹಿರಿಯಳಾದ ದೊಡ್ಡಕ್ಕ ಒಂದು ಕಟ್ಟಳೆ ಮಾಡಿದಳು. ಒಬ್ಬಳು ಮೇಲಿನ ಒಣಕೊಂಬೆಯಲ್ಲಿ ಕೂತು ಕಾಯಬೇಕು, ಆರು ಜನ ಕೆಳಗೆ ತಿನ್ನಬೇಕು. ಮರದ ನೆರಳು ಒಂದು ಗೇಣು ಸರಿದರೆ ಸರದಿ ಬದಲು. ಎಲ್ಲರಿಗೂ ಹೊಟ್ಟೆ ತುಂಬತೊಡಗಿತು.

ಐದನೆಯವಳು ಸಣ್ಣೀರಿ. ರೆಕ್ಕೆ ಚುರುಕು, ಬುದ್ಧಿ ಅದಕ್ಕಿಂತ ಚುರುಕು, ಜಂಬ ಎರಡಕ್ಕಿಂತಲೂ ಹೆಚ್ಚು. ಒಂದು ದಿನ ಅವಳ ಸರದಿಯಲ್ಲೇ ಮರದ ಹಿಂದಿನ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಪುಳಪುಳ ಏಳತೊಡಗಿದವು. ಬೆಣ್ಣೆಯಂಥ ರುಚಿ ಅವಕ್ಕೆ. ಸಣ್ಣೀರಿ ಯೋಚಿಸಿದಳು. ನಾನು ಕಾದರೆ ಹೊಟ್ಟೆ ತುಂಬುವುದು ಅವರಿಗೆ. ಒಂದು ಗಳಿಗೆ ಇಳಿದರೆ ನನಗೆ. ಎಲ್ಲರ ತಲೆಯೂ ಎಲೆಯೊಳಗಿದೆ, ಯಾರು ನೋಡುತ್ತಾರೆ?

ಗಿಡುಗ ನೋಡಿತು.

ಅದು ಎರಗಿದ ರಭಸಕ್ಕೆ ತರಗೆಲೆಯೆಲ್ಲ ಮೇಲೆದ್ದಿತು. ಎಲ್ಲರಿಗಿಂತ ಕಿರಿಯಳಾದ ಕೆಂಪಿ ಮುಳ್ಳುಪೊದೆಗೆ ನುಗ್ಗಿ ಜೀವ ಉಳಿಸಿಕೊಂಡಳು. ಅವಳ ಬಾಲದ ಗರಿಗಳು ಮಾತ್ರ ಗಿಡುಗದ ಕಾಲಲ್ಲೇ ಹೋದವು.

ಸಣ್ಣೀರಿಯನ್ನು ಓಡಿಸಿಬಿಡೋಣ ಎಂದರು ಕೆಲವರು. ದೊಡ್ಡಕ್ಕ ಒಪ್ಪಲಿಲ್ಲ.

"ನೀನು ನಮ್ಮನ್ನ ಕಾಯಲಿಲ್ಲ. ನಾಳೆ ಒಂದು ದಿನ ನಿನ್ನನ್ನೂ ಯಾರೂ ಕಾಯಲ್ಲ. ನಾಡಿದ್ದು ಬಾ," ಅಂದಳು.

"ಯಾರಿಗೆ ಬೇಕು ನಿಮ್ಮ ಕಾವಲು?" ಅಂದು ಸಣ್ಣೀರಿ ಕತ್ತು ಕೊಂಕಿಸಿ ಆಚೆ ಬಯಲಿಗೆ ಹಾರಿದಳು.

ಮಾರನೆಯ ದಿನವೆಲ್ಲ ಒಬ್ಬಳೇ. ಕುಕ್ಕಿದಳು, ನೋಡಿದಳು. ಕುಕ್ಕಿದಳು, ನೋಡಿದಳು. ಕತ್ತು ನೋಯಿತು, ಹೊಟ್ಟೆ ತುಂಬಲಿಲ್ಲ. ಈಚಲುಮರದ ಮೇಲೆ ಆರಾಮಾಗಿ ಕೂತಿದ್ದ ಗಿಡುಗ ಅವಳನ್ನು ಮಾತಾಡಿಸಿತು. "ಹಸಿದಿದ್ದೀಯಲ್ಲವ್ವ, ತಲೆ ಬಗ್ಗಿಸಿ ತಿನ್ನು. ನನಗೇನೂ ಅವಸರ ಇಲ್ಲ."

ಆಮೇಲೆ ಸಣ್ಣೀರಿ ತಲೆ ಬಗ್ಗಿಸಲೇ ಇಲ್ಲ.

ಮರುದಿನ ಬೆಳಗ್ಗೆ ಹುಣಸೆಮರಕ್ಕೆ ಬಂದಳು. ದೊಡ್ಡಕ್ಕ ಹಳೆಯದನ್ನು ಎತ್ತಲಿಲ್ಲ, ಒಣಕೊಂಬೆಯನ್ನು ತೋರಿಸಿದಳು ಅಷ್ಟೆ. ಸಣ್ಣೀರಿ ಹೋಗಿ ಕೂತು ರೆಪ್ಪೆ ಬಡಿಯದೆ ಕಾದಳು. ಆದರೆ ಕೆಳಗೆ ಯಾರೂ ತಿನ್ನಲಿಲ್ಲ. ಆರು ತಲೆಗಳೂ ಮೇಲೆದ್ದು ಅವಳನ್ನೇ ನೋಡುತ್ತಿದ್ದವು.

"ಕಾಯ್ತಿದ್ದೀನಲ್ಲ, ತಿನ್ನಿ," ಅಂದಳು.

ಕೆಂಪಿ ಬೋಳು ಬಾಲ ಮುದುರಿಕೊಂಡಳು. "ನಾನು ತಲೆ ಬಗ್ಗಿಸಿದ ಮೇಲೂ ನೀನು ಅಲ್ಲೇ ಇರ್ತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು, ಅಕ್ಕ?"

ಹೀಗೇ ಆದರೆ ಏಳು ಜನಕ್ಕೂ ಮತ್ತೆ ಅರೆಹೊಟ್ಟೆಯೇ. ಆಣೆ ಇಟ್ಟರೆ ಈಗ ಯಾರು ನಂಬುತ್ತಾರೆ? ನೆರಳು ಅರ್ಧ ಗೇಣು ಸರಿಯುವವರೆಗೆ ಸಣ್ಣೀರಿ ಯೋಚಿಸಿದಳು. ಆಮೇಲೆ ಬಾಯಿ ತೆರೆದಳು.

"ಇದ್ದೀನಿ, ಇದ್ದೀನಿ, ಇಲ್ಲೇ ಇದ್ದೀನಿ."

ಉಸಿರು ಎಳೆದುಕೊಂಡು ಮತ್ತೆ, "ಇದ್ದೀನಿ, ಇದ್ದೀನಿ, ಇಲ್ಲೇ ಇದ್ದೀನಿ."

ಕೆಂಪಿ ಮೆಲ್ಲನೆ ತಲೆ ಬಗ್ಗಿಸಿದಳು. ದನಿ ನಿಲ್ಲಲಿಲ್ಲ. ಒಂದು ಹುಳು ತಿಂದಳು. ದನಿ ನಿಲ್ಲಲಿಲ್ಲ. ಆಮೇಲೆ ಎಲ್ಲರೂ ತಿನ್ನತೊಡಗಿದರು.

ಸರದಿ ಮುಗಿಸಿ ಇಳಿಯುವಾಗ ಸಣ್ಣೀರಿಯ ಗಂಟಲು ಒಣಗಿತ್ತು, ಜಂಬ ಒಣಗಿರಲಿಲ್ಲ. "ಇನ್ನು ನೀವೂ ಕೂಗಬೇಕು. ನಾನು ಮಾತ್ರ ಯಾಕೆ ಸುಮ್ಮನೆ ನಿಮ್ಮನ್ನ ನಂಬಲಿ?" ಅಂದಳು.

ದೊಡ್ಡಕ್ಕ ನಕ್ಕುಬಿಟ್ಟಳು. ಇವಳ ಬಾಯಿ ನೋಡಿ ಎಂದು ಉಳಿದವರಿಗೆ ಹೇಳುತ್ತಲೇ ಕೊಂಬೆ ಹತ್ತಿ ಕೂಗತೊಡಗಿದಳು. ದಿನವಿಡೀ ಆ ಗಲಾಟೆ ಕೇಳಿ ತಲೆ ಚಿಟ್ಟುಹಿಡಿದು, ಗಿಡುಗ ಬೇರೆ ಬಯಲು ಹುಡುಕಿಕೊಂಡು ಹೋಯಿತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಬೇಲಿಯ ಬುಡದಲ್ಲಿ ಹರಟೆಮಲ್ಲಗಳು ತರಗೆಲೆ ಕೆದಕುತ್ತಿದ್ದರೆ, ಮೇಲೊಂದು ಕೂತು ಬಾಯಿ ಮುಚ್ಚದೆ ಕೂಗುತ್ತಿರುತ್ತದೆ. ಆ ದನಿ ಒಂದು ಗಳಿಗೆ ನಿಲ್ಲಲಿ, ಕೆಳಗಿನ ತಲೆಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ.