ಮುದುಕಿಯ ಸಾಲು

“ಗುರುಗಳೇ, ಬೇಗ ನಡೆಯಬಲ್ಲವನು ನಿಧಾನಿಗಾಗಿ ಏಕೆ ಕಾಯಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಹಿಂದೆ ಹನ್ನೆರಡು ಮನೆಗಳ ಒಂದು ಸಣ್ಣ ಊರಿತ್ತು. ದೇವರು ಕೊಟ್ಟ ನೆಲಕ್ಕೆ ನಡುವೆ ಬದು ಏಕೆ ಎಂದು ಅಲ್ಲಿನ ಹಿರಿಯರು ಬದುಗಳನ್ನೆಲ್ಲ ಒಡೆದು ಒಂದೇ ಹೊಲ ಮಾಡಿದ್ದರು. ಉಳುಮೆ ಒಟ್ಟಿಗೆ, ಬಿತ್ತನೆ ಒಟ್ಟಿಗೆ, ಬೆಳೆದ ರಾಗಿ ಎಲ್ಲರ ಮನೆಗೆ.

ಕಳೆ ಕೀಳುವುದಕ್ಕೆ ಮಾತ್ರ ಒಂದು ಕಟ್ಟಳೆಯಿತ್ತು. ಭೂತಾಯಿಗೆ ಕೈಮುಗಿದು ಎಲ್ಲರೂ ಪಕ್ಕಪಕ್ಕದ ಸಾಲು ಹಿಡಿದು ಕೂರಬೇಕು. ಎಲ್ಲರಿಗಿಂತ ನಿಧಾನದವರನ್ನು ಹಿಂದೆ ಬಿಟ್ಟು ಯಾರೂ ಒಂದು ಮೊಳವೂ ಮುಂದೆ ಹೋಗಬಾರದು. ಹಾಗಾಗಿ ಹೊಲದ ಉದ್ದಕ್ಕೂ ಮಾತಿರುತ್ತಿತ್ತು, ಹಾಡಿರುತ್ತಿತ್ತು. ಮನೆಯ ಜಗಳ ಪಕ್ಕದ ಸಾಲಿನವರ ಕಿವಿಗೆ ಬಿದ್ದು, ಸಂಜೆಯೊಳಗೆ ಅಲ್ಲೇ ಕರಗುತ್ತಿತ್ತು. ಭಗವಂತ ಆ ಸಾಲಿನಲ್ಲೇ ಎಲ್ಲೋ ಕೂತಿದ್ದಾನೆ ಎಂದು ಆ ಜನ ನಂಬಿದ್ದರು. ಕೂತೇ ಇದ್ದನೇನೋ.

ಒಬ್ಬ ರೈತನ ಕೈ ಬಲು ಚುರುಕು. ಪಕ್ಕದ ಸಾಲಿನ ಮುದುಕಿಗಾಗಿ ಕಾದು ಕಾದು ಅವನಿಗೆ ಸಾಕಾಯಿತು.

“ಅಜ್ಜಿ, ನಿನ್ನ ಕೈ ತಲುಪುವಷ್ಟರಲ್ಲಿ ಈ ಕಳೆ ಮೊಮ್ಮಕ್ಕಳನ್ನು ಕಂಡಿರುತ್ತೆ. ಹೋಗಿ ನೆರಳಲ್ಲಿ ಕೂತ್ಕೊ. ನಿನ್ನ ಪಾಲು ಮನೆಗೇ ಬರುತ್ತೆ.”

“ರಾಗಿ ಎಲ್ಲಿಗೂ ಓಡಿಹೋಗಲ್ಲ ಕಣಪ್ಪ. ನನಗೆ ನೆರಳು ಬೇಡ, ನನ್ನ ಸಾಲು ಕೊಡು.”

ಎಲ್ಲರೂ ನಕ್ಕರು. ಕೈಹಿಡಿದು ಕರೆದೊಯ್ದು ಅವಳನ್ನು ಮರದ ಕೆಳಗೆ ಕೂರಿಸಿದರು. ಅಂದು ಕೆಲಸ ಬೇಗ ಮುಗಿಯಿತು.

ಮರುದಿನ ಕಾಲುನೋವಿನವನೊಬ್ಬ ಕೊನೆಯವನಾದ. ಅವನನ್ನೂ ಕೂರಿಸಿದರು. ಆಮೇಲೆ ಒಬ್ಬಳು ಬಸುರಿ. ಯಾರನ್ನು ಕೂರಿಸಿದರೂ ಕೊನೆಯವರೊಬ್ಬರು ಉಳಿದೇ ಉಳಿದರು. ನಾಳೆ ತನ್ನ ಸರದಿಯೆಂಬ ಭಯಕ್ಕೆ ಜನ ಹಾಡು ಬಿಟ್ಟರು, ಮಾತು ಬಿಟ್ಟರು, ತಲೆಯೆತ್ತದೆ ಕಿತ್ತರು. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ಅಳೆದರು. ಕೆಲವೇ ವರ್ಷಗಳಲ್ಲಿ, ನಮ್ಮ ಪಾಡು ನಮಗಿರಲಿ ಎಂದು ಒಬ್ಬೊಬ್ಬರಾಗಿ ಬದು ಹಾಕಿಕೊಂಡರು. ಹೊಲ ಹನ್ನೆರಡಾಯಿತು.

ಚುರುಕು ಕೈಯ ರೈತನಿಗೂ ವಯಸ್ಸಾಯಿತು. ಬೆರಳು ನಡುಗತೊಡಗಿದವು. ತನ್ನ ತುಂಡು ಹೊಲದಲ್ಲಿ ಕೂತು, ಮಧ್ಯಾಹ್ನದವರೆಗೆ ಅರ್ಧ ಸಾಲು ಕೀಳುತ್ತಿದ್ದ.

ಗುರುಗಳು ಮಾತು ನಿಲ್ಲಿಸಿದರು.

“ಆಗಲಾದರೂ ಅವನಿಗೆ ತನ್ನ ತಪ್ಪು ತಿಳಿಯಿತೇ?” ಎಂದು ಶಿಷ್ಯ ಕೇಳಿದ.

“ತಿಳಿಯಿತು ಮಗು, ಆದರೆ ಹೇಳಿಕೊಳ್ಳೋಣವೆಂದರೆ ಪಕ್ಕದ ಸಾಲಿನಲ್ಲಿ ಯಾರೂ ಇರಲಿಲ್ಲ.”