ಕೆಂಪು ದೀಪ ಯಾರದು?

"ಕೇಳಿರಪ್ಪೋ ಕೇಳಿ! ದೊರೆ ಭೈರವರಸರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಮಗಳು ಪದ್ಮಲೆ, ಜೊತೆಗೆ ರಾಜ್ಯದ ರೈಲು ತಂತಿಗಳ ಮೇಲೆಲ್ಲ ಅಧಿಕಾರ. ತಪ್ಪು ಹೇಳಿದವನಿಗೆ ತಲೆದಂಡ!"

ಡಂಗುರ ಕೇಳಿದ್ದೇ ತಡ, ಹೊಸ ಪೇಟ ಸುತ್ತಿಕೊಂಡು ಹೊರಟೆ. ನಾನು ಯಾರು ಅಂದಿರಾ? ರೈಲು ತಂತಿಗೆ ಕರೆಂಟು ಹರಿಸುವ ಮೂಡಣ ಠಾಣೆಯ ಒಡೆಯ ನಾಗದೇವ. ಪದ್ಮಲೆಗೆ ನನ್ನನ್ನು ಬಿಟ್ಟರೆ ಇನ್ಯಾರು ತಕ್ಕವರು? ಸಭೆಗೆ ಹೋದರೆ ಪಡುವಣ ಠಾಣೆಯ ಒಡೆಯ ಗಂಗರಸ ಆಗಲೇ ಮುಂದಿನ ಪೀಠ ಹಿಡಿದಿದ್ದ. ಅವನ ಹಿಂದೆ ಅವನದೇ ಆಳು ಕೆಂಚ, ಕಂಬ ಹತ್ತಿ, ತಂತಿ ಹೊರುವ ಪಿಂಗಾಣಿ ಬಟ್ಟಲು ಒರೆಸುವವನು. ಇವನಿಗೂ ರಾಜಕುಮಾರಿ ಬೇಕಂತೆ!

ದೊರೆ ಶುರುಮಾಡಿದರು. "ಕಣ್ಣಿಗೆ ಕಾಣದು, ಕಾಲಿಲ್ಲದೆ ಓಡುವುದು, ಊರನ್ನೇ ಎಳೆದೊಯ್ಯುವುದು, ಮುಟ್ಟಿದವನನ್ನು ಮಾತ್ರ ಬಿಡದು. ಏನದು?"

"ಕರೆಂಟು" ಅಂತ ಮೂವರೂ ಒಟ್ಟಿಗೇ ಅಂದೆವು.

"ಅರಮನೆ ಬಿಟ್ಟು ಕದಲದು, ಗಾವುದ ದೂರದ ಬಾಗಿಲು ತೆರೆಯುವುದು, ಮುಚ್ಚುವುದು. ಮರುಮಾತು ಬಾರದಿದ್ದರೆ ಕುರುಡು. ಏನದು?"

ಗಂಗರಸ ಎದ್ದ. "ತಮ್ಮ ಆಜ್ಞೆ, ಮಹಾಪ್ರಭೂ!" ಬೆಣ್ಣೆ ಹಚ್ಚಿದರೆ ಅವನೇ ಹಚ್ಚಬೇಕು. ತಪ್ಪಾಯಿತು, ಭಟರು ಎಳೆದು ಪಕ್ಕಕ್ಕೆ ನಿಲ್ಲಿಸಿದರು. ನಾನು ಒಳಗೊಳಗೇ ಹಿಗ್ಗಿದೆ.

"ಠಾಣೆಗಳ ಸ್ವಿಚ್ಚನ್ನೆಲ್ಲ ಇಲ್ಲಿಂದಲೇ ಆಡಿಸುವ ಕೋಣೆ" ಅಂದೆ.

"ಕೋಣೆಯೇ ಬುದ್ಧಿ" ಅಂದ ಕೆಂಚ. "ಆದರೆ ಆಜ್ಞೆ ಹೋದರೆ ಸಾಲದು. 'ತೆರೆದೆ' ಅಂತ ಅಲ್ಲಿಂದ ಉತ್ತರ ಬರಬೇಕು. ಬರದಿದ್ದರೆ ಕೋಣೆಗೆ ಕಣ್ಣಿಲ್ಲ."

ಇಬ್ಬರದೂ ಸರಿ ಅಂದರು ದೊರೆ. ಪದ್ಮಲೆ ನಕ್ಕಳು, ಅದೂ ಅವನನ್ನು ನೋಡಿ! ಮೊದಲು ಉತ್ತರ ಹೇಳಿದ್ದು ನಾನಲ್ಲವೇ?

ಮೂರನೆಯದಕ್ಕೆ ದೊರೆಯ ದನಿ ಇಳಿಯಿತು. "ಒಂದೇ ಕೆಂಪು ದೀಪ. ಮೂಡಣ ಠಾಣೆಯಲ್ಲಿ ಉರಿದರೆ ಕರೆಂಟಿದೆ ಅನ್ನುವುದು, ಪಡುವಣದಲ್ಲಿ ಉರಿದರೆ ಕರೆಂಟಿಲ್ಲ ಅನ್ನುವುದು. ಇದನ್ನು ನಂಬಿ ಗಡಿಯಲ್ಲಿ ತಂತಿ ಹಿಡಿದವರು ಸತ್ತರು. ಸುಳ್ಳು ಹೇಳಿದ್ದು ಯಾವ ದೀಪ?"

"ಪಡುವಣದ್ದು!" ಅಂತ ನಾನು ಕಿರುಚಿದೆ.

"ಮೂಡಣದ್ದು!" ಅಂತ ಭಟರ ನಡುವಿನಿಂದಲೇ ಗಂಗರಸ ಕೂಗಿದ. ಸಾಯುವಾಗಲೂ ಸುಮ್ಮನಿರದ ಪ್ರಾಣಿ!

ಎರಡೂ ಅಲ್ಲ ಅಂತ ದೊರೆ ತಲೆಯಾಡಿಸಿದರು. ಭಟರು ನನ್ನ ರಟ್ಟೆಯನ್ನೂ ಹಿಡಿದರು.

ಕೆಂಚ ಮೆಲ್ಲಗೆ ಹೇಳಿದ, "ಯಾವ ದೀಪವೂ ಸುಳ್ಳಾಡಲಿಲ್ಲ ಬುದ್ಧಿ. ದೀಪಕ್ಕೆ ಅರ್ಥ ಕೊಟ್ಟ ಒಡೆಯರಿಬ್ಬರೂ ಒಂದು ದಿನ ಕೂತು ಮಾತಾಡಲಿಲ್ಲ. ಒಬ್ಬರ ಗುರುತು ಇನ್ನೊಬ್ಬರು ಇಟ್ಟುಕೊಂಡರೆ ಮರ್ಯಾದೆ ಹೋಗುತ್ತದಂತೆ. ರಾಜ್ಯಕ್ಕೆಲ್ಲ ಒಂದೇ ಗುರುತಾಗಲಿ."

"ಸರಿ. ಯಾರದು?" ಅಂದರು ದೊರೆ.

ಪಡುವಣದ ಅನ್ನ ತಿಂದವನು, ಇನ್ನೇನು ಹೇಳಿಯಾನು ಅಂದುಕೊಂಡೆ.

"ಮೂಡಣದ್ದು. ಕೆಂಪು ಕಂಡರೆ ಮಕ್ಕಳೂ ಹೆದರುತ್ತವೆ. ಹೆದರಿದವನು ತಂತಿ ಮುಟ್ಟುವುದಿಲ್ಲ."

ನನ್ನ ಗುರುತು! ಗೆದ್ದದ್ದು ನನ್ನ ಗುರುತು, ಆದರೆ ಪದ್ಮಲೆ "ಇವರನ್ನೇ ಒಪ್ಪಿದೆ ಅಪ್ಪಾಜಿ" ಅಂದದ್ದು ಆ ಬಟ್ಟಲು ಒರೆಸುವವನನ್ನು ತೋರಿಸಿ.

"ಇನ್ನೇನು ಬೇಕು ಕೇಳಪ್ಪ" ಅಂದರು ದೊರೆ.

"ಇವರಿಬ್ಬರ ತಲೆ" ಅಂದ. ನಾನು ಭಟರ ಕೈಯಿಂದ ಕೊಸರಿಕೊಳ್ಳಲು ನೋಡಿದೆ. "ಕಡಿಸಬೇಡಿ ಬುದ್ಧಿ. ಠಾಣೆಯವರಿಗೆಲ್ಲ ಹೊಸ ಗುರುತು ಕಲಿಸಬೇಕಲ್ಲ, ಇಬ್ಬರೂ ಬೇಕು."

ಈಗ ರಾಜ್ಯದ ಠಾಣೆ ಠಾಣೆಯಲ್ಲೂ ಉರಿಯುವುದು ನನ್ನ ಗುರುತೇ. ಜನ ಮಾತ್ರ ಅದನ್ನು ಕೆಂಚನ ದೀಪ ಅನ್ನುತ್ತಾರೆ! ಗಂಡಹೆಂಡಿರು ತಪಾಸಣೆಗೆ ಬಂದಾಗಲೆಲ್ಲ ನಾನು ತಲೆ ಬಾಗಿಸಬೇಕು. ಬಾಗಿಸುವುದಿಲ್ಲ ಹೋಗೋ ಅನ್ನೋಣವೆಂದರೆ, ಹಾಳಾದ್ದು, ಈ ತಲೆಯೂ ಅವನು ಕೊಟ್ಟದ್ದೇ.